ಅಟ್ಟದ ಪೆಟ್ಟಿಗೆ ಸೋಫಾದ ಮುಂದಕ್ಕೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹಳೆಯ ಮನೆಗಳ ಅಟ್ಟದಲ್ಲಿ ಬೀಟೆಯದೋ ಹಲಸಿನದೋ ಒಂದು ಪೆಟ್ಟಿಗೆ ಸಿಗುತ್ತದೆ. ಶಿವಮೊಗ್ಗದ ಹೊಸ ಮನೆಯ ಹಾಲ್‌ಗೆ ಅದನ್ನೇ ಟೀಪಾಯಿ ಮಾಡಿಕೊಳ್ಳಿ. ಅಂಗಡಿಯ ಯಾವ ಟೀಪಾಯಿಗೂ ಆ ಗತ್ತು ಬರುವುದಿಲ್ಲ. ಕೆಲಸಕ್ಕೆ ಫೆಬ್ರುವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಮಳೆಗಾಲದಲ್ಲಿ ಅರಗಿನ (ಶೆಲ್ಯಾಕ್) ಪಾಲಿಶ್ ಹಚ್ಚಿದರೆ ಗಾಳಿಯ ತೇವ ಸೇರಿ ಬೆಳ್ಳಗೆ ಮಬ್ಬಾಗುತ್ತದೆ.

ಮೊದಲು ಅಳತೆ. ಸೋಫಾದ ಸೀಟಿನ ಎತ್ತರ ಸಾಮಾನ್ಯವಾಗಿ 16ರಿಂದ 18 ಇಂಚು. ಪೆಟ್ಟಿಗೆ ಅದಕ್ಕೆ ಸಮನಾಗಿರಲಿ, ಇಲ್ಲವೇ ಒಂದೆರಡು ಇಂಚು ತಗ್ಗಿರಲಿ. ತೀರಾ ತಗ್ಗಾದರೆ ಕಬ್ಬಿಣದ ಚೌಕಟ್ಟು ಮಾಡಿಸಿ, ಹೊಳಪಿಲ್ಲದ ಕಪ್ಪು ಬಣ್ಣ ಹೊಡೆಸಿ. ಎತ್ತರವಾದರೆ ದಯವಿಟ್ಟು ಕೊಯ್ಯಿಸಬೇಡಿ, ಕಿಟಕಿಯ ಕೆಳಗೆ ಇಡಿ.

ಆಮೇಲೆ ಹುಳ. ಪೆಟ್ಟಿಗೆಯ ಅಡಿಗೆ ಕಪ್ಪು ಕಾಗದ ಹಾಸಿ ಎರಡು ವಾರ ಬಿಡಿ. ತೂತುಗಳಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಕುಟ್ಟೆ ಇನ್ನೂ ಜೀವಂತವಾಗಿದೆ. ಮರದ ಹುಳದ ಔಷಧಿಯನ್ನು ಸಿರಿಂಜಿನಲ್ಲಿ ಒಂದೊಂದೇ ತೂತಿಗೆ ಬಿಟ್ಟು, ಒಣಗಿದ ಮೇಲೆ ಮೇಣದಿಂದ ಮುಚ್ಚಿ. ಸೀಮೆಎಣ್ಣೆ ಸವರಿದರೆ ಆಳದ ಹುಳಕ್ಕೆ ಮುಟ್ಟುವುದಿಲ್ಲ, ವಾಸನೆ ಮಾತ್ರ ಉಳಿಯುತ್ತದೆ.

ಹಳೆಯ ಪಾಲಿಶ್ ಕೆರೆದು ತೆಗೆಯುವ ಆತುರ ಬೇಡ. ಹಿಂಬದಿಯ ಮೂಲೆಯಲ್ಲಿ ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಿ ನೋಡಿ. ಅಂಟಂಟಾಗಿ ಕರಗಿದರೆ ಅದು ಅರಗು. ಹಾಗಿದ್ದರೆ ಧೂಳು ಒರೆಸಿ, ಒಂದು ಲೀಟರ್ ಸ್ಪಿರಿಟ್ಟಿಗೆ 150 ಗ್ರಾಂ ಅರಗು ಕರಗಿಸಿ, ಬಟ್ಟೆಯುಂಡೆಯಿಂದ ತೆಳ್ಳಗೆ ಮೂರ್ನಾಲ್ಕು ಸಲ ಎಳೆದರೆ ಹೊಸದು ಹಳೆಯದರಲ್ಲೇ ಬೆರೆಯುತ್ತದೆ. ಮಷಿನ್ ಹಾಕಿ ಉಜ್ಜಿಸಿದರೆ ತಲೆಮಾರುಗಳ ಕೈ ಸವೆದು ಬಂದ ಬಣ್ಣವೂ ಹೋಗುತ್ತದೆ. ಅದು ಮತ್ತೆ ಬರುವುದಿಲ್ಲ. ಹಿತ್ತಾಳೆ ಪಟ್ಟಿಗೆ ಹುಣಸೆಹಣ್ಣು ಸಾಕು, ಆದರೆ ನೀರು ಮರಕ್ಕೆ ಇಳಿಯದಂತೆ ಕೂಡಲೇ ಒರೆಸಿ.

ಮೇಲಕ್ಕೆ 8 ಮಿ.ಮೀ. ಟಫನ್ಡ್ ಗಾಜು ಹಾಕಿ. ನಾಲ್ಕಡಿ ಉದ್ದ, ಎರಡಡಿ ಅಗಲಕ್ಕೆ ಸುಮಾರು 15 ಕೆ.ಜಿ. ತೂಗುತ್ತದೆ. ದಿನಾ ಮುಚ್ಚಳ ತೆರೆಯುವವರಿಗೆ ಗಾಜು ಆಗಿಬರುವುದಿಲ್ಲ. ಹೆಚ್ಚಿನವರು ತಪ್ಪುವುದು ಇಲ್ಲೇ: ಗಾಜನ್ನು ಅಂಟಿಸಿಬಿಡುತ್ತಾರೆ, ಇಲ್ಲವೇ ಮುಚ್ಚಳ ಗಟ್ಟಿಯಾಗಲೆಂದು ಒಳಗಿನಿಂದ ಪ್ಲೈವುಡ್ ಬಡಿಸುತ್ತಾರೆ. ಮಲೆನಾಡಿನ ಮಳೆಗೆ ಹಲಗೆ ಅಗಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಹಿಡಿದಿಟ್ಟರೆ ಸೀಳುತ್ತದೆ. ಹಾಗಾಗಿ ಗಾಜಿನ ಕೆಳಗೆ ಸಿಲಿಕಾನ್ ಬೊಟ್ಟುಗಳನ್ನಷ್ಟೇ ಇಡಿ. ನಡುವೆ ಗಾಳಿಯೂ ಆಡುತ್ತದೆ.

ಉಳಿದದ್ದು ಸರಳ. ಸೋಫಾ ನೇರ ಗೆರೆಯದು, ಬಟ್ಟೆ ಒಂದೇ ಬಣ್ಣದ್ದು, ಗೋಡೆ ಮಾಸಲು ಬಿಳಿ. ಬೇಕಿದ್ದರೆ ಗೋಡೆಗೆ ಮಲೆನಾಡಿನ ಜನಪದ ಚಿತ್ರ, ಒಂದು ಹಸೆ ಚಿತ್ತಾರ ಸಾಕು. ಅದರ ಜತೆ ತೊಟ್ಟಿಲು, ಬೀಸುವ ಕಲ್ಲು, ಲಾಟೀನು ಎಲ್ಲ ಸೇರಿಸಿದರೆ ಹಾಲ್ ಉಗ್ರಾಣವಾಗುತ್ತದೆ. ಬಲ್ಬು 2700 ಕೆಲ್ವಿನ್, ಅಂದರೆ ಹಳದಿ ಬೆಳಕಿನದು ಇರಲಿ. ಬಿಳಿ ಬೆಳಕಿನಲ್ಲಿ ಬೀಟೆಯ ಕೆಂಪು ಕಾಣುವುದೇ ಇಲ್ಲ.

ಜೂನ್ ಬಂತೆಂದರೆ ಪೆಟ್ಟಿಗೆಯನ್ನು ಹೊರಗೋಡೆಗೆ ತಾಗಿಸಬೇಡಿ, ನೆಲದಿಂದಲೂ ಅರ್ಧ ಇಂಚು ಎತ್ತರಿಸಿ. ಬೂಷ್ಟು ಕಂಡರೆ ಒಣ ಬಟ್ಟೆಯಲ್ಲಿ ಒರೆಸಿ, ಬಿಸಿಲು ಬಿದ್ದ ದಿನ ಗಾಜು ಇಳಿಸಿ ಮುಚ್ಚಳ ತೆರೆದಿಡಿ.