ಮೇಲ್ಗಿವಿ ಚುಚ್ಚಿಸಬೇಕು, ಮನೆಯಲ್ಲಿ ಬೇಡ ಅಂತಾರಾ?

ಕದ್ದು ಚುಚ್ಚಿಸಿಕೊಳ್ಳುವ ಉಪಾಯ ಹುಡುಕಿಕೊಂಡು ಬಂದಿದ್ದರೆ ಇಲ್ಲಿ ಸಿಗುವುದಿಲ್ಲ. ಅದನ್ನು ನಾನೇ ಮಾಡಿ ನೋಡಿದ್ದೇನೆ. ಹದಿನಾರನೇ ವಯಸ್ಸಿಗೆ, ಮುಂಬೈಯ ದಾದರಿನ ಒಂದು ಗೂಡಂಗಡಿಯಲ್ಲಿ, ಕಿವಿ ಚುಚ್ಚುವ ಗನ್ನಿನಿಂದ. ಟಕ್ ಅಂತು, ಮುಗೀತು. ಆಮೇಲೆ ಡೊಂಬಿವಲಿಯ ಮನೆಯಲ್ಲಿ ಸೆಕೆಯಲ್ಲೂ ಕೂದಲು ಇಳಿಬಿಟ್ಟುಕೊಂಡು ಓಡಾಡಿದೆ. ಅಮ್ಮನ ಎದುರು ಗಾಯ ತೊಳೆಯುವ ಹಾಗಿಲ್ಲ, ಹಾಗಾಗಿ ತೊಳೆಯಲೇ ಇಲ್ಲ. ಒಂದು ಬೆಳಿಗ್ಗೆ ಫಾಸ್ಟ್ ಲೋಕಲ್ ರೈಲಿನಲ್ಲಿ ಯಾರದೋ ಬ್ಯಾಗಿನ ಪಟ್ಟಿಗೆ ರಿಂಗ್ ಸಿಕ್ಕಿಕೊಂಡಿತು. ಸಂಜೆಗೆ ಕಿವಿ ಹಲಸಿನ ತೊಳೆಯ ಹಾಗೆ ಊದಿತ್ತು.

ಅದಕ್ಕೇ ಹೇಳುತ್ತೇನೆ, ಒಪ್ಪಿಸಿಯೇ ಮಾಡಿಸಿ. ಮಾತು ಅಜ್ಜಿಯಿಂದ ಶುರುವಾಗಲಿ. ನೀವು ಹೆಲಿಕ್ಸ್ ಅನ್ನುವ, ಕಿವಿಯ ಮೇಲಂಚಿನ ಜಾಗದಲ್ಲೇ ನಮ್ಮ ಅಜ್ಜಿಯರು ಬುಗುಡಿ ಹಾಕುತ್ತಿದ್ದರು, ಮರಾಠಿಯವರಿಗೂ ಅದು ಬುಗಡಿಯೇ. ಹುಡುಗರಾಗಿದ್ದರೆ ಪುಣೆಯಲ್ಲಿ ಮದುಮಗ ಕಿವಿಗೆ ಸಿಕ್ಕಿಸುವ ಭಿಕ್‌ಬಾಳಿ ತೋರಿಸಿ. ಹಳೇ ಫೋಟೋ ಒಂದು ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. ಆಮೇಲೆ ಬೇಡ ಅನ್ನುವುದು ಯಾಕೆ ಅಂತ ಕೇಳಿ, ಕೀವಾಗುತ್ತೆ ಅಂತಲಾ, ಜನ ಏನಂತಾರೆ ಅಂತಲಾ? ಮೊದಲನೆಯದಕ್ಕೆ ನಿಮ್ಮ ಹತ್ತಿರ ಉತ್ತರ ಇರಬೇಕು. ಎರಡನೆಯದಕ್ಕೆ ಅಜ್ಜಿ ಇದ್ದಾರೆ.

ಉತ್ತರ ಇದು. ಮೇಲ್ಗಿವಿಯ ಕಾರ್ಟಿಲೇಜ್‌ಗೆ, ಅಂದರೆ ಮೆದು ಮೂಳೆಗೆ, ರಕ್ತ ಓಡಾಟ ಕಡಿಮೆ, ಅದಕ್ಕೇ ಕೆಳಗಿನ ಹಾಲೆ 6ರಿಂದ 8 ವಾರದಲ್ಲಿ ಮಾಯುವ ಕಡೆ ಇದಕ್ಕೆ 6 ತಿಂಗಳಿಂದ ಒಂದು ವರ್ಷ ಬೇಕು, ಸೋಂಕು ಒಳಗೆ ಕೂತರೆ ಕಿವಿಯ ಆಕಾರವೇ ಕೆಡಬಹುದು. ಗನ್ ಅದನ್ನು ಜಜ್ಜುತ್ತದೆ, ಪ್ಲಾಸ್ಟಿಕ್ ಭಾಗ ಇರುವುದರಿಂದ ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ಗೆ ಹಾಕಲೂ ಸಾಮಾನ್ಯವಾಗಿ ಆಗುವುದಿಲ್ಲ. ಸೂಜಿಯೇ ಬೇಕು, ಸೀಲ್ ಆದ ಹೊಸದು, ಪ್ಯಾಕೆಟ್ ನಿಮ್ಮೆದುರೇ ಒಡೆಯಬೇಕು. ಓಲೆ ಟೈಟಾನಿಯಂದು ಇರಲಿ, ಅಗ್ಗದ್ದರಲ್ಲಿ ನಿಕಲ್ ಇದ್ದರೆ ಕೆಲವರಿಗೆ ಅಲರ್ಜಿಯಾಗಿ ತುರಿಕೆ ಶುರುವಾಗುತ್ತದೆ. ಮನೆಯಲ್ಲಿ ಯಾರಿಗಾದರೂ ಗಾಯದ ಗುರುತು ಗಂಟಿನ ಹಾಗೆ ಬೆಳೆಯುವ ಕೀಲಾಯ್ಡ್ ಇದ್ದರೆ ಮೊದಲು ಚರ್ಮದ ಡಾಕ್ಟರನ್ನು ಕೇಳಿ. ಅಮ್ಮನನ್ನು ಜೊತೆಗೇ ಕರೆದುಕೊಂಡು ಹೋಗಿ. ವಯಸ್ಸನ್ನೂ ಕೇಳದೆ ಚುಚ್ಚಲು ಹೊರಟವರ ಕೈಗೆ ಕಿವಿ ಕೊಡಬೇಡಿ.

ನಾಲಿಗೆಗೇ ಚುಚ್ಚಿಸಬೇಕು ಅಂದರೆ ಮಾತ್ರ ನಾನು ಅಪ್ಪ-ಅಮ್ಮನ ಪಕ್ಷ. ಸ್ಟಡ್ ಬಡಿದೂ ಬಡಿದೂ ಹಲ್ಲು ಚಕ್ಕೆ ಏಳುತ್ತದೆ, ಒಸಡು ಸವೆಯುತ್ತದೆ.

ದೀಪಾವಳಿ ರಜೆ ಒಳ್ಳೆ ಸಮಯ, ಮಳೆ ನಿಂತಿರುತ್ತೆ. ಗೋವಾ ಟ್ರಿಪ್ ಇದ್ದರೆ ಚುಚ್ಚಿಸುವ ಮೊದಲೇ ಮುಗಿಸಿ, ಹಸಿ ಗಾಯಕ್ಕೆ ಸಮುದ್ರದ ನೀರು ಬೇಡ. ದಿನಕ್ಕೆರಡು ಸಲ ಕೈ ತೊಳೆದುಕೊಂಡು 0.9 ಶೇಕಡಾ ಸ್ಟೆರೈಲ್ ಸಲೈನ್ (ಕ್ರಿಮಿ ಇಲ್ಲದ ಉಪ್ಪುನೀರು), ಅಷ್ಟೇ. ಅರಿಶಿನ, ಕೊಬ್ಬರಿ ಎಣ್ಣೆ, ಸ್ಪಿರಿಟ್ ಯಾವುದೂ ಬೇಡ (ಇಲ್ಲಿ ಅಜ್ಜಿ ಮಾತು ಕೇಳಬೇಡಿ). ಓಲೆ ಸುಮ್ನೆ ತಿರುಗಿಸುತ್ತಾ ಇರಬೇಡಿ. ನೋವು ಜಾಸ್ತಿಯಾಗಿ ಕಿವಿ ಬಿಸಿ ಬಿಸಿ ಅನಿಸಿದರೆ, ಕೀವು ಬಂದರೆ, ಅವತ್ತೇ ಡಾಕ್ಟರು. ಓಲೆ ನೀವೇ ಬಿಚ್ಚಬೇಡಿ, ತೂತು ಮುಚ್ಚಿ ಕೀವು ಒಳಗೇ ಉಳಿಯಬಹುದು.

ಇನ್ನು ಲೋಕಲ್. ಮಾಯುವವರೆಗೆ ರಿಂಗ್ ಬೇಡ, ಹಿಂಬದಿ ಚಪ್ಪಟೆ ಇರುವ ಸ್ಟಡ್ ಸಾಕು. ಕೂದಲು ಕಟ್ಟಿ, ದುಪಟ್ಟಾ ಬ್ಯಾಗಿಗೆ ತುರುಕಿ, ಆ ಕಿವಿ ಗೋಡೆ ಕಡೆ ಇರುವ ಹಾಗೆ ನಿಲ್ಲಿ.