ಹತ್ತು ನಿಮಿಷದ ಟೆಸ್ಟು, ಅರ್ಧ ಹಾಳೆ

ದಾವಣಗೆರೆಯಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಕ್ಲಾಸ್ ನಡೆಸುತ್ತೇನೆ. ಕನ್ನಡ ಮಾಧ್ಯಮದಲ್ಲಿ ಓದಿ ಈಗ ಡಿಗ್ರಿ ಮಾಡುತ್ತಿರುವವರೇ ಜಾಸ್ತಿ, ಅಂಗಡಿ ಕೆಲಸ ಮುಗಿಸಿ ಓಡಿ ಬರುವವರೂ ಇದ್ದಾರೆ. ಯುರೋಪಿನವರ ಅಳತೆಯಲ್ಲಿ ಬಿ1 ಅನ್ನುತ್ತಾರಲ್ಲ, ಸುಮಾರು ಆ ಮಟ್ಟ. ಓದಿದರೆ ಅರ್ಥವಾಗುತ್ತದೆ, ಮಾತು ಹೇಗೋ ನಡೆಯುತ್ತದೆ. ಆದರೆ ಮುಂದೆ ಹೋಗ್ತಿದ್ದೀವಾ, ನಿಂತಲ್ಲೇ ಇದ್ದೀವಾ ಅಂತ ಅವರಿಗೇ ಗೊತ್ತಾಗುವುದಿಲ್ಲ. ಕ್ಲಾಸಲ್ಲಿ ಕೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ. ಅದಕ್ಕೇ ಪ್ರತಿ ಶುಕ್ರವಾರ ಅರ್ಧ ಹಾಳೆಯ ಟೆಸ್ಟ್.

ಆ ವಾರದ ಪಾಠ ಅದರಲ್ಲಿ ಇರುವುದಿಲ್ಲ. ಎರಡು-ಮೂರು ವಾರ ಹಳೆಯದಾಗಿರಬೇಕು. ಬಿಸಿ ಇರುವಾಗ ಕೇಳಿದರೆ ಎಲ್ಲರೂ ಬರೀತಾರೆ, ಅದರಿಂದ ನನಗೇನು ತಿಳಿಯುತ್ತೆ? 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಅನ್ನುವ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗವೊಂದಿದೆ. ಐದು ನಿಮಿಷದ ನಂತರ ಕೇಳಿದಾಗ, ಪಾಠವನ್ನು ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರ ಕಳೆದ ಮೇಲೆ ನೋಡಿದರೆ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ಅಭ್ಯಾಸ ಮಾಡಿದ್ದವರಿಗೆ ಜಾಸ್ತಿ ಉಳಿದಿತ್ತು.

ನಾಲ್ಕರಲ್ಲಿ ಒಂದನ್ನು ಆರಿಸುವ ಪ್ರಶ್ನೆ ಕೊಡುವುದಿಲ್ಲ. ಕಣ್ಣು ಮುಚ್ಚಿ ಟಿಕ್ ಹಾಕಿದರೂ ನಾಲ್ಕಕ್ಕೊಂದು ಸರಿಯಾಗುತ್ತೆ ಅಲ್ವಾ? ಬಿಟ್ಟ ಜಾಗ ತುಂಬುವುದು ಐದಾರು, ತಪ್ಪು ವಾಕ್ಯ ತಿದ್ದುವುದು ಮೂರು. ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್’ (ಸರಿಯಾದದ್ದು ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೂ ಇಯರ್ಸ್’) ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ, ಕನ್ನಡದಲ್ಲಿ ಯೋಚಿಸುವವರ ಬಾಯಿಗೆ ಅದೇ ಸಲೀಸು. ಕೊನೆಗೆ ಎರಡು ವಾಕ್ಯದ ಡಿಕ್ಟೇಷನ್.

ನನಗೆ ಜಾಸ್ತಿ ಕಲಿಸಿದ್ದು ಈ ಡಿಕ್ಟೇಷನ್ನೇ. ‘ವೀವ್ ಲಿವ್ಡ್ ಹಿಯರ್ ಫಾರ್ ಟೆನ್ ಇಯರ್ಸ್’ ಅಂತ ಮಾಮೂಲಿ ವೇಗದಲ್ಲಿ ಓದಿದೆ. ‘ವಿ ಹ್ಯಾವ್’ ಅನ್ನುವುದೇ ಮಾತಿನಲ್ಲಿ ‘ವೀವ್’ ಆಗುತ್ತದೆ. ಮೇಲೆ ಬಿಟ್ಟ ಜಾಗದಲ್ಲಿ ‘ಹ್ಯಾವ್’ ಸರಿಯಾಗಿ ತುಂಬಿದ್ದವರೇ ಕೆಳಗೆ ಬರೀ ‘ವಿ ಲಿವ್ಡ್’ ಅಂತ ಬರೆದಿದ್ದರು. ವ್ಯಾಕರಣ ಗೊತ್ತು, ಆದರೆ ಆ ಪುಟ್ಟ ‘ವ್’ ಕಿವಿಗೆ ಬೀಳುತ್ತಿಲ್ಲ. ಅಂಥವರಿಗೆ ಟೆನ್ಸ್ ಪಾಠ ಇನ್ನೊಂದು ಸಲ ಮಾಡಿ ಏನು ಪ್ರಯೋಜನ? ಮುಂದಿನ ಕ್ಲಾಸಲ್ಲಿ ಬೋರ್ಡ್ ಮುಟ್ಟಲೇ ಇಲ್ಲ, ‘ವಿ ಲಿವ್ಡ್’, ‘ವೀವ್ ಲಿವ್ಡ್’ ಎರಡನ್ನೂ ಹಿಂದೆ ಮುಂದೆ ಮಾಡಿ ಹೇಳುತ್ತಾ, ಯಾವುದು ಅಂತ ಬೆರಳೆತ್ತಿ ತೋರಿಸಿ ಅಂದೆ.

ಹಾಳೆ ಪಕ್ಕದವರಿಗೆ ದಾಟಿಸಿ ಅಲ್ಲೇ ತಿದ್ದಿಸುತ್ತೇನೆ. ಯಾರಿಗೆ ಎಷ್ಟು ಬಂತು ಅಂತ ಓದಿ ಹೇಳುವುದಿಲ್ಲ. ಎಸ್ಸೆಸ್ಸೆಲ್ಸಿಯಿಂದ ಮಾರ್ಕ್ಸ್ ಭಯ ಹೊತ್ತು ಬಂದವರಿಗೆ ಮತ್ತೆ ಅದನ್ನೇ ಯಾಕೆ ಕೊಡಬೇಕು? ನಾನು ನೋಡುವುದು ಯಾವ ಪ್ರಶ್ನೆಗೆ ಎಷ್ಟು ಜನ ತಪ್ಪಿದರು ಅನ್ನುವುದಷ್ಟೇ. ಅರ್ಧಕ್ಕಿಂತ ಜಾಸ್ತಿ ಇದ್ದರೆ ಇಡೀ ಕ್ಲಾಸಿಗೆ ಮತ್ತೆ ಹೇಳುತ್ತೇನೆ. ಇಬ್ಬರು ಮೂವರಾದರೆ ಕ್ಲಾಸ್ ಮುಗಿದ ಮೇಲೆ ಅವರ ಜೊತೆ ಕೂರುತ್ತೇನೆ.

ಮಾತು ಹಾಳೆಯಲ್ಲಿ ಕಾಣುವುದಿಲ್ಲ, ಅದು ನಿಜ. ಅದಕ್ಕೆ ತಿದ್ದುವ ಹೊತ್ತಲ್ಲಿ ಒಬ್ಬಿಬ್ಬರನ್ನು ಮೇಜಿನ ಹತ್ತಿರ ಕರೆದು ಒಂದು ನಿಮಿಷ ಸುಮ್ನೆ ಮಾತಾಡಿಸುತ್ತೇನೆ. ಹಳೆಯ ಪ್ರಶ್ನೆಗಳು ಫೈಲಿನಲ್ಲಿವೆ. ಬ್ಯಾಚ್ ಮಧ್ಯದಲ್ಲಿ ಸೇರುವವರಿಗೆ ಅದರಲ್ಲೇ ಒಂದು ಕೊಟ್ಟು ಎಲ್ಲಿಂದ ಶುರು ಮಾಡಬೇಕು ಅಂತ ನೋಡಿಕೊಳ್ಳುತ್ತೇನೆ.