ಕೊಪ್ಪಳದಲ್ಲಿ ಅರ್ಧ, ಬಳ್ಳಾರಿಯಲ್ಲಿ ಅರ್ಧ: ಎರಡು ಲೆಗ್ ಫೈನಲ್ ನಡೆಸಿದ ನನ್ನ ಅನುಭವ

ನಮ್ಮ ಫುಟ್‌ಬಾಲ್ ಟೂರ್ನಿಯ ಫೈನಲ್ ಯಾವ ಊರಲ್ಲಿ ಅನ್ನೋ ಜಗಳ ಮುಗಿಯೋ ಹಾಗೆ ಕಾಣಲಿಲ್ಲ. ಕೊಪ್ಪಳದವರು ಬಳ್ಳಾರಿಗೆ ಬರಲ್ಲ, ನಮ್ಮ ಹುಡುಗರು ಕೊಪ್ಪಳಕ್ಕೆ ಹೋಗಲ್ಲ. ಹಾಗಾದರೆ ಎರಡೂ ಕಡೆ ಒಂದೊಂದು ಪಂದ್ಯ, ಅಂದರೆ ಒಂದೊಂದು ಲೆಗ್ ಆಡಿ, ಗೋಲು ಕೂಡಿಸೋಣ ಅಂದೆ. ಯುಇಎಫ್‌ಎ (ಯುರೋಪಿನ ಫುಟ್‌ಬಾಲ್ ಸಂಸ್ಥೆ) ಕಪ್ ಫೈನಲ್ 1997ರವರೆಗೆ ಹೀಗೇ ನಡೆಯುತ್ತಿತ್ತು. ಆಫ್ರಿಕಾದ ಚಾಂಪಿಯನ್ಸ್ ಲೀಗ್ ನಡುವೆ ಕೆಲ ವರ್ಷ ಒಂದೇ ಪಂದ್ಯಕ್ಕೆ ಇಳಿದು, 2023ರಲ್ಲಿ ಮತ್ತೆ ಎರಡು ಲೆಗ್‌ಗೆ ಮರಳಿತು. ಇಬ್ಬರೂ ಒಪ್ಪಿದರು. ಒಪ್ಪಿದ ಮೇಲೆ ಶುರುವಾಯಿತು ನೋಡಿ ನಿಜವಾದ ಚೌಕಾಸಿ.

ಮೊದಲ ತಕರಾರು ಎರಡನೇ ಲೆಗ್ ಯಾರ ಊರಲ್ಲಿ ಅಂತ. ಎಲ್ಲರಿಗೂ ಅದೇ ಬೇಕು. ಗೋಲು ಸಮವಾದರೆ ಎಕ್ಸ್‌ಟ್ರಾ ಟೈಮ್, ಪೆನಾಲ್ಟಿ ಎಲ್ಲಾ ನಡೆಯೋದು ಅಲ್ಲಿಯೇ, ತಮ್ಮ ಜನರ ಮುಂದೆ. 1988ರ ಯುಇಎಫ್‌ಎ ಕಪ್ ಫೈನಲ್‌ನಲ್ಲಿ ಸ್ಪೇನಿನ ಎಸ್ಪಾನ್ಯೋಲ್ ತನ್ನೂರಲ್ಲಿ 3-0 ಗೆದ್ದು ಜರ್ಮನಿಗೆ ಹೋಯಿತು. ಅಲ್ಲಿ ಬಾಯರ್ ಲೆವರ್‌ಕುಸೆನ್ ಅಷ್ಟೇ ಗೋಲು ತಿರುಗಿ ಹೊಡೆದು ಪೆನಾಲ್ಟಿಯಲ್ಲಿ ಕಪ್ ಇಟ್ಟುಕೊಂಡಿತು. ಆದರೆ 1997ರಲ್ಲಿ ಶಾಲ್ಕೆ ಇಂಟರ್ ಮಿಲಾನ್‌ನ ಸ್ವಂತ ಮೈದಾನದಲ್ಲೇ ಪೆನಾಲ್ಟಿ ಗೆದ್ದಿದೆ. ಎರಡೂ ಕಥೆ ಹೇಳಿ ಟಾಸ್ ಹಾಕಿಸಿದೆ. ಎರಡನೇ ಲೆಗ್ ಬಳ್ಳಾರಿಗೆ ಬಂತು.

ಆಮೇಲೆ ಅವೇ ಗೋಲ್. ಸಮವಾದಾಗ ಎದುರಾಳಿ ಊರಲ್ಲಿ ಹೊಡೆದ ಗೋಲಿಗೆ ಹೆಚ್ಚು ತೂಕ ಕೊಡೋ ನಿಯಮ ಅದು. ಕೊಪ್ಪಳದ ಕೋಚ್ ಅದು ಬೇಕೇ ಬೇಕು ಅಂತ ಕೂತರು. ನಾನು ಆ ನಿಯಮ ಕೈಬಿಟ್ಟೆ. ಯುಇಎಫ್‌ಎ ಕೂಡ 2021ರಲ್ಲಿ ಅದನ್ನು ತೆಗೆದುಹಾಕಿತು. ಆ ನಿಯಮ ಇದ್ದರೆ ಮೊದಲ ಲೆಗ್‌ನಲ್ಲಿ ಆತಿಥೇಯರು ಗೋಲು ಬಿಟ್ಟುಕೊಡೋ ಭಯಕ್ಕೆ ಮುಂದಕ್ಕೇ ಹೋಗಲ್ಲ. ಸಂಜೆ ಬಿಸಿಲಲ್ಲಿ ನಿಂತು ನೋಡೋ ಜನಕ್ಕೆ ಅಂಥ ಆಟ ತೋರಿಸೋಕೆ ನನಗೆ ಮನಸ್ಸಿರಲಿಲ್ಲ.

ಕಾರ್ಡಿನ ವಿಷಯ ಯಾರೂ ಕೇಳಲಿಲ್ಲ, ನಾನೇ ಬರೆದೆ: ಕೊಪ್ಪಳದಲ್ಲಿ ರೆಡ್ ಕಂಡವನು ಬಳ್ಳಾರಿಯಲ್ಲಿ ಕೂರಬೇಕು. ಮಳೆ ಬಂದರೆ ಏನು ಅನ್ನೋದನ್ನೂ ಸೇರಿಸಿದೆ. 1973ರ ಯುಇಎಫ್‌ಎ ಕಪ್ ಫೈನಲ್‌ನಲ್ಲಿ ಲಿವರ್‌ಪೂಲ್ ಮೈದಾನದಲ್ಲಿ ನೀರು ನಿಂತು ಮೊದಲ ಲೆಗ್ ಅರ್ಧಕ್ಕೇ ನಿಂತಿತ್ತು, ಮರುದಿನ ಮೊದಲಿಂದ ಆಡಿಸಿದರು. ನಮ್ಮ ಹಾಳೆಯಲ್ಲೂ ಅದನ್ನೇ ಬರೆದು ಇಬ್ಬರು ಕ್ಯಾಪ್ಟನ್‌ಗಳ ಸಹಿ ಹಾಕಿಸಿದೆ. ರೆಫರಿ ರಾಯಚೂರಿನವರು, ಎರಡೂ ಪಂದ್ಯಕ್ಕೆ ಒಬ್ಬರೇ.

ಮೊದಲ ಲೆಗ್‌ನಲ್ಲಿ ಕೊಪ್ಪಳ 2-0. ಹೆಚ್ಚು ಹೇಳೋಕೇನೂ ಇಲ್ಲ, ನಮ್ಮವರು ಆಡಲಿಲ್ಲ. ಗಿಣಿಗೇರಾ ದಾಟಿ ಹೊಸಪೇಟೆ ಬರೋವರೆಗೆ ಬಸ್ಸಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ತೋರಣಗಲ್ಲು ಹತ್ತಿರ ಬಂದಾಗ 2004ರ ಏಷ್ಯನ್ ಚಾಂಪಿಯನ್ಸ್ ಲೀಗ್ ಫೈನಲ್ ಕಥೆ ಹೇಳಿದೆ. ಸೌದಿಯ ಅಲ್ ಇತ್ತಿಹಾದ್ ಮನೆಯಲ್ಲೇ 1-3 ಸೋತು ಕೊರಿಯಾಕ್ಕೆ ಹೋಗಿ 5-0 ಗೆದ್ದು ಬಂದಿತ್ತು. ‘ಅವರಿಗೆ ಎರಡು ಗೋಲಿನ ಸಾಲ ಇತ್ತು, ನಮಗೂ ಅಷ್ಟೇ’ ಅಂದೆ. ಹಿಂದಿನ ಸೀಟಿಂದ ಒಬ್ಬ, ‘ಸರ್, ಅವರಿಗೆ ಪಗಾರ ಕೊಡ್ತಾರ’ ಅಂದ. ಬಸ್ಸೆಲ್ಲಾ ನಕ್ಕಿತು. ನನಗೆ ಬೇಕಿದ್ದದ್ದೂ ಅಷ್ಟೇ.

ಬಳ್ಳಾರಿಯಲ್ಲಿ ಅರ್ಧ ಗಂಟೆ ಆಗೋದರೊಳಗೆ ನಾವು ಒಂದು ಗೋಲು ಹೊಡೆದೆವು. ಅಲ್ಲಿಂದ ಕೊಪ್ಪಳದವರ ಆಟ ನೋಡಬೇಕಿತ್ತು. ಹತ್ತೂ ಜನ ತಮ್ಮ ಅರ್ಧ ಬಿಟ್ಟು ಬರಲಿಲ್ಲ. ಥ್ರೋ ಇನ್‌ಗೆ ಚೆಂಡು ಒರೆಸೋದು, ಶೂ ಲೇಸ್ ಕಟ್ಟೋದು. ನಮ್ಮ ಜನ ಬೈದರು, ಆದರೆ ನನ್ನ ಪ್ರಕಾರ ಅದೇ ಸರಿಯಾದ ಲೆಕ್ಕ. ಎರಡು ಲೆಗ್‌ನಲ್ಲಿ ಒಂದು ಗೋಲಿಂದ ಸೋಲೋದೂ ಒಂದು ಪ್ಲಾನೇ. ನಾವು ಚೆಂಡನ್ನು ಎರಡೂ ಪಕ್ಕಕ್ಕೆ ಅಗಲಿಸಿ ಆಡೋ ಬದಲು ನಡುವಲ್ಲೇ ನುಗ್ಗಿದ್ದು ಅವರಿಗೆ ಅನುಕೂಲ ಆಯಿತು.

ಸೀಟಿ ಊದಿದಾಗ 1-0. ಗ್ಯಾಲರಿಯಿಂದ ಜನ ಮೈದಾನಕ್ಕೆ ಇಳಿದು ನಮ್ಮ ಗೋಲ್‌ಕೀಪರ್‌ನನ್ನು ಹೆಗಲ ಮೇಲೆ ಎತ್ತಿಕೊಂಡರು. ಆ ಕಡೆ ಕೊಪ್ಪಳದವರೂ ಕುಣೀತಿದ್ದಾರೆ. ‘ಗೆದ್ದೋರು ನಾವು, ಕಪ್ ಅವರಿಗ್ಯಾಕೆ?’ ಅಂತ ಒಬ್ಬ ಹಿರಿಯರು ನನ್ನ ಕೈ ಹಿಡಿದು ನಿಲ್ಲಿಸಿದರು. ಒಟ್ಟು 2-1 ಕೊಪ್ಪಳಕ್ಕೆ ಅಂತ ಮೈಕಿನಲ್ಲಿ ಕೂಗಿದೆ. 1973ರಲ್ಲಿ ಲಿವರ್‌ಪೂಲ್ ಕೂಡ ಎರಡನೇ ಲೆಗ್ 0-2 ಸೋತೇ ಕಪ್ ಎತ್ತಿತ್ತು, ಮೊದಲ ಲೆಗ್‌ನ 3-0 ಅದಕ್ಕೆ ಸಾಕಾಗಿತ್ತು ಅಂತಲೂ ಹೇಳಿದೆ. ‘ಲಿವರ್‌ಪೂಲ್ ಬಿಡ್ರಿ, ಬಳ್ಳಾರಿದು ಹೇಳ್ರಿ’ ಅಂದರು ಅವರು. ಮುಂದಿನ ಸಲಕ್ಕೆ ಸ್ಕೋರ್ ಬೋರ್ಡಿನ ಕೆಳಗೆ ಇನ್ನೊಂದು ಹಲಗೆ ಮಾಡಿಸಿದ್ದೇನೆ. ಅದರಲ್ಲಿ ಎರಡೂ ಪಂದ್ಯದ ಒಟ್ಟು ಗೋಲು ಕೆಂಪು ಬಣ್ಣದಲ್ಲಿ ಇರುತ್ತದೆ, ಮೊದಲ ನಿಮಿಷದಿಂದಲೇ.